ತಗಡಿನ ಬೋರ್ಡು ಸಾಲದು: ನಿಮ್ಮ ಬೀದಿಗೆ ಪಾರ್ಕಿಂಗ್ ಆದೇಶ ತರುವುದು ಹೇಗೆ?

ದಾವಣಗೆರೆಯ ಯಾವ ಬಡಾವಣೆಗೆ ಹೋದರೂ ಗೇಟಿಗೆ ತಂತಿ ಬಿಗಿದು ಕಟ್ಟಿದ ಒಂದು ತಗಡು ಕಣ್ಣಿಗೆ ಬೀಳುತ್ತದೆ. ಮೇಲೆ ಕೆಂಪು ಬಣ್ಣದಲ್ಲಿ ‘ನೋ ಪಾರ್ಕಿಂಗ್’. ಸಿಟ್ಟು ಜಾಸ್ತಿ ಇದ್ದವರು ‘ನಿಲ್ಲಿಸಿದರೆ ಗಾಳಿ ಬಿಡಲಾಗುವುದು’ ಎಂದೂ ಬರೆಸಿರುತ್ತಾರೆ. ಬೋರ್ಡಿನ ಮೇಲೆ ನಂಬಿಕೆ ಇಲ್ಲದವರು ಕಲ್ಲು, ಹೂವಿನ ಕುಂಡ, ಹಳೇ ಟಯರು ಇಟ್ಟು ಜಾಗ ಹಿಡಿಯುತ್ತಾರೆ. ಇವ್ಯಾವುದಕ್ಕೂ ಕಾನೂನಿನ ಬಲವಿಲ್ಲ. ರಸ್ತೆಯಲ್ಲಿ ಕಲ್ಲು ಇಟ್ಟವರದೇ ತಪ್ಪು. ಸಾರ್ವಜನಿಕ ರಸ್ತೆಯಲ್ಲಿ ಅಡ್ಡಿಯಾಗಿ ಇಟ್ಟಿದ್ದನ್ನು ತೆಗೆಸುವ ಅಧಿಕಾರ 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ ಪಾಲಿಕೆ ಆಯುಕ್ತರಿಗಿದೆ.

ಹಾಗಾದರೆ ಬಲವಿರುವ ಬೋರ್ಡು ಎಲ್ಲಿಂದ ಬರುತ್ತದೆ? ಅದರ ಹಿಂದೆ ಒಂದು ಆದೇಶ ಇರಬೇಕು. ಆ ಆದೇಶ ಕೊಡುವವರು ಪಾಲಿಕೆಯವರೂ ಅಲ್ಲ, ಸಂಚಾರ ಠಾಣೆಯವರೂ ಅಲ್ಲ. ಬಹಳಷ್ಟು ಅರ್ಜಿಗಳು ದಾರಿ ತಪ್ಪುವುದೇ ಇಲ್ಲಿ.

ಮೊದಲು ನಿಮಗೆ ಆದೇಶ ಬೇಕೋ, ಬೇಡವೋ ನೋಡಿ

ಎಷ್ಟೋ ತಕರಾರಿಗೆ ಹೊಸ ಆದೇಶವೇ ಬೇಕಿಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಾವಳಿ ಇಡೀ ದೇಶಕ್ಕೆ ಅನ್ವಯ. ಅದರ ಪ್ರಕಾರ ಫುಟ್‌ಪಾತ್ ಮೇಲೆ, ಪಾದಚಾರಿ ದಾಟುವ ಪಟ್ಟೆಯ ಮೇಲೆ, ಕೂಡುರಸ್ತೆಯ ಅಂಚಿನಲ್ಲಿ, ಬಸ್ ನಿಲ್ದಾಣದ ಹತ್ತಿರ, ಶಾಲೆ–ಆಸ್ಪತ್ರೆಗಳ ಬಾಗಿಲಲ್ಲಿ, ಇನ್ನೊಬ್ಬರ ಗೇಟಿಗೆ ಅಡ್ಡಲಾಗಿ ವಾಹನ ನಿಲ್ಲಿಸುವಂತಿಲ್ಲ. ಅಲ್ಲಿ ಬೋರ್ಡು ಇರಲಿ ಬಿಡಲಿ, ತಪ್ಪು ತಪ್ಪೇ. ನಿಮ್ಮ ಗೇಟಿಗೆ ಅಡ್ಡ ನಿಂತ ಕಾರಿಗೆ ಡಿ.ಸಿ. ಕಚೇರಿ ಹತ್ತಬೇಕಿಲ್ಲ. ಫೋಟೊ ತೆಗೆದುಕೊಳ್ಳಿ, 112ಕ್ಕೆ ಅಥವಾ ನಿಮ್ಮ ಸಂಚಾರ ಠಾಣೆಗೆ ಫೋನು ಮಾಡಿ. ಅಂಥ ತಕರಾರು ಪದೇ ಪದೇ ಬಂದರೆ ದಿನಾಂಕ, ಹೊತ್ತು ಹಾಕಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಎರಡನೇ ಬಗೆಯದು ಪಾಲಿಕೆಯ ಕೆಲಸ. ಫುಟ್‌ಪಾತ್ ಮೇಲೆ ಅಂಗಡಿಯ ಮೆಟ್ಟಿಲು ಬಂದಿದೆ, ಮನೆ ಕಟ್ಟುವವರ ಮರಳು, ಜಲ್ಲಿ ತಿಂಗಳಿಂದ ರಸ್ತೆಯಲ್ಲಿದೆ, ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿದ ನೆಲಮಾಳಿಗೆಯಲ್ಲಿ ಗೋದಾಮು ನಡೆಯುತ್ತಿದೆ. ಇವುಗಳಿಗೆ ಆಯುಕ್ತರ ಹೆಸರಿಗೆ ಅರ್ಜಿ. ನನ್ನನ್ನು ಕೇಳಿದರೆ ಊರಿನ ಪಾರ್ಕಿಂಗ್ ಗೋಳಿನ ದೊಡ್ಡ ಪಾಲು ಈ ನೆಲಮಾಳಿಗೆಗಳಲ್ಲೇ ಅಡಗಿದೆ. ಒಂದು ವಾಣಿಜ್ಯ ಮಳಿಗೆಯ ನೆಲಮಾಳಿಗೆ ಬಾಗಿಲು ತೆರೆದರೆ ಎದುರಿನ ಬೀದಿ ತಾನಾಗಿ ಸಡಿಲವಾಗುತ್ತದೆ. ಆದರೆ ಜನ ರಸ್ತೆ ನೋಡಿ ದೂರು ಕೊಡುತ್ತಾರೆಯೇ ಹೊರತು ಕಟ್ಟಡದ ನಕ್ಷೆ ಕೇಳುವುದಿಲ್ಲ. ಕೇಳಿ. ಮಂಜೂರಾದ ನಕ್ಷೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಲು ಅವಕಾಶವಿದೆ.

ಒಂದು ಎಚ್ಚರಿಕೆ. ತಳ್ಳುಗಾಡಿಯವರನ್ನೂ ಇದೇ ಅರ್ಜಿಯಲ್ಲಿ ಸೇರಿಸಿ ಎತ್ತಿಸಿಬಿಡೋಣ ಎಂದು ಹೊರಡಬೇಡಿ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಅವರಿಗೆ ರಕ್ಷಣೆ ಇದೆ. ತೆರವಿಗೂ ಸ್ಥಳಾಂತರಕ್ಕೂ 30 ದಿನಗಳ ನೋಟಿಸ್ ಬೇಕು. ಎಲ್ಲಿ ವ್ಯಾಪಾರ, ಎಲ್ಲಿ ಬೇಡ ಎಂಬುದರಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಪಾತ್ರವಿದೆ. ಎರಡನ್ನೂ ಬೆರೆಸಿದರೆ ನಿಮ್ಮ ಪಾರ್ಕಿಂಗ್ ಅರ್ಜಿ ಆ ಕಡತದೊಳಗೆ ಸಿಕ್ಕಿ ಮೇಲೆ ಏಳುವುದಿಲ್ಲ.

ಮೂರನೇ ಬಗೆಗೆ ಮಾತ್ರ ಹೊಸ ಆದೇಶ ಬೇಕು: ರಸ್ತೆಯ ಒಂದು ಬದಿ ನಿಲುಗಡೆ ನಿಷೇಧ, ಒಂದು ದಿನ ಈ ಬದಿ ಮರುದಿನ ಆ ಬದಿ ಎಂಬ ವ್ಯವಸ್ಥೆ, ಏಕಮುಖ ಸಂಚಾರ, ಲಾರಿಗಳಿಗೆ ಹೊತ್ತಿನ ಮಿತಿ, ಆಟೊ ನಿಲ್ದಾಣದ ಜಾಗ.

ಆದೇಶ ಯಾರ ಕೈಯಲ್ಲಿದೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡದಲ್ಲಿ ಪೊಲೀಸ್ ಕಮಿಷನರ್ ಇದ್ದಾರೆ. ದಾವಣಗೆರೆಯಲ್ಲಿ ಇರುವುದು ಎಸ್ಪಿ. ಹಾಗಾಗಿ ಇಲ್ಲಿ ಸಂಚಾರದ ಅಧಿಸೂಚನೆ ಹೊರಡುವುದು ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಯ ಸಹಿಯಲ್ಲಿ. 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಂ ವಾಹನ ಸಂಚಾರ ನಿರ್ಬಂಧಕ್ಕೆ, 116 ಸಂಚಾರ ಚಿಹ್ನೆಗೆ, 117 ನಿಲುಗಡೆ ಜಾಗಕ್ಕೆ. ಜೊತೆಗೆ 1989ರ ಕರ್ನಾಟಕ ಮೋಟಾರು ವಾಹನ ನಿಯಮಗಳ 221(ಎ). ಇಂಥ ಯಾವುದೇ ಅಧಿಸೂಚನೆ ತೆಗೆದು ನೋಡಿ, ಈ ಸಂಖ್ಯೆಗಳು ಮೊದಲ ಪ್ಯಾರಾದಲ್ಲೇ ಸಿಗುತ್ತವೆ.

ಡಿ.ಸಿ. ತಾವಾಗಿ ಬೀದಿ ಅಳೆಯಲು ಬರುವುದಿಲ್ಲ. ಸಂಚಾರ ಠಾಣೆ ಸ್ಥಳ ನೋಡಿ ವರದಿ ಬರೆಯುತ್ತದೆ, ಎಸ್ಪಿ ಕಚೇರಿಯಿಂದ ಪ್ರಸ್ತಾವನೆ ಹೋಗುತ್ತದೆ, ಪಾಲಿಕೆಯ ಅಭಿಪ್ರಾಯ ಕೇಳುತ್ತಾರೆ. ನಿಲುಗಡೆ ಜಾಗ ಗೊತ್ತುಮಾಡುವಾಗ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚಿಸಬೇಕೆಂದು 117ನೇ ಕಲಮೇ ಹೇಳುತ್ತದೆ. ಕಡತ ಕೂತರೆ ಸಾಮಾನ್ಯವಾಗಿ ಕೂರುವುದು ಡಿ.ಸಿ. ಮೇಜಿನ ಮೇಲಲ್ಲ, ಈ ಕಚೇರಿಗಳ ನಡುವೆ.

ಟೇಪು ಹಿಡಿಯಿರಿ

‘ತುಂಬಾ ತೊಂದರೆಯಾಗುತ್ತಿದೆ’ ಎಂಬ ಅರ್ಜಿ ಎಲ್ಲ ಬೀದಿಯಿಂದಲೂ ಬರುತ್ತದೆ. ನಿಮ್ಮದು ಬೇರೆಯಾಗಿ ಕಾಣಬೇಕಾದರೆ ಅಳತೆ ಇರಬೇಕು.

ಬಡಾವಣೆ ನಕ್ಷೆಯಲ್ಲಿ ‘30 ಅಡಿ ರಸ್ತೆ’ ಎಂದಿದ್ದರೆ ಅದರಲ್ಲಿ ಎರಡೂ ಬದಿಯ ಚರಂಡಿ, ಫುಟ್‌ಪಾತ್ ಸೇರಿರುತ್ತದೆ. ವಾಹನ ಓಡುವ ಡಾಂಬರು ಅಥವಾ ಕಾಂಕ್ರೀಟು ಎಷ್ಟಿದೆ ಅದನ್ನಷ್ಟೇ ಅಳೆಯಿರಿ. 20 ಅಡಿ ಸಿಕ್ಕಿತು ಎನ್ನೋಣ. ಒಂದು ಕಾರು ಸುಮಾರು 6 ಅಡಿ ಅಗಲ. ಎರಡೂ ಬದಿಗೆ ಕಾರು ನಿಂತರೆ ಉಳಿಯುವುದು 8 ಅಡಿ. ಅಗ್ನಿಶಾಮಕ ವಾಹನದ ಮೈಯೇ ಹತ್ತಿರಹತ್ತಿರ 8 ಅಡಿ. ಅಂದರೆ ಅದು ಒಳಗೆ ಬರುವುದಿಲ್ಲ. ಒಂದೇ ಬದಿ ನಿಲ್ಲಿಸಿದರೆ 14 ಅಡಿ ಉಳಿಯುತ್ತದೆ. ಆಂಬುಲೆನ್ಸು ಹಾಯಾಗಿ ಹೋಗುತ್ತದೆ, ಎದುರಿಂದ ಬೈಕೂ ಬರಬಹುದು. ಈ ಮೂರು ಸಾಲಿನ ಲೆಕ್ಕ ಅರ್ಜಿಯಲ್ಲಿ ಇದ್ದರೆ ಓದುವ ಅಧಿಕಾರಿಗೆ ಬೇರೆ ವಾದ ಬೇಕಿಲ್ಲ.

ಆಮೇಲೆ ಎಣಿಕೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ, ಜೊತೆಗೆ ಒಂದು ಭಾನುವಾರ: ಆಯಾ ಹೊತ್ತಿಗೆ ಎಷ್ಟು ಕಾರು, ಎಷ್ಟು ಬೈಕು, ಎಷ್ಟು ಗೂಡ್ಸ್ ಆಟೊ ನಿಂತಿವೆ ಎಂದು ಬರೆದುಕೊಳ್ಳಿ. ಯಾರ ವಾಹನ ಎಂಬುದು ಮುಖ್ಯ. ಪಿ.ಜೆ. ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ ನಿಂತವು ಕ್ಲಿನಿಕ್ಕಿಗೆ ಬಂದ ಹಳ್ಳಿಯವರ ವಾಹನಗಳಿರಬಹುದು. ಅವು ಗಂಟೆ, ಎರಡು ಗಂಟೆಯಲ್ಲಿ ಹೋಗುತ್ತವೆ. ಮಂಡಿಪೇಟೆಯ ಹತ್ತಿರದ ಓಣಿಗಳಲ್ಲಿ ನಿಲ್ಲುವುದು ಸರಕಿನ ಗಾಡಿ. ಹಮಾಲರು ಇಳಿಸಿ ಮುಗಿಸುವವರೆಗೆ ಅದು ಅಲ್ಲಾಡುವುದಿಲ್ಲ. ವಿದ್ಯಾನಗರದಂಥ ಕಡೆ ರಾತ್ರಿ ಪೂರ್ತಿ ನಿಲ್ಲುವುದು ಅಲ್ಲಿನವರದೇ ಎರಡನೇ ಕಾರು. ಮೂರಕ್ಕೂ ಮದ್ದು ಬೇರೆ ಬೇರೆ. ಬೆಣ್ಣೆ ದೋಸೆ ಹೋಟೆಲಿನ ಮುಂದಿನ ಬೈಕುಗಳಿಗೆ ಮಾತ್ರ ಯಾವ ಆದೇಶದಿಂದಲೂ ಮದ್ದು ಸಿಕ್ಕೀತೆಂದು ನನಗೆ ಭರವಸೆ ಇಲ್ಲ.

ಏನು ಕೇಳಬೇಕು

ಪೂರ್ತಿ ನಿಷೇಧ ಕೇಳಬೇಡಿ. ಬೀದಿಗೆ ಬೀದಿಯೇ ನೋ ಪಾರ್ಕಿಂಗ್ ಆದರೆ ನಿಮ್ಮ ಮನೆಗೆ ಬಂದ ಬೀಗರ ಕಾರನ್ನೂ ಟೋಯಿಂಗ್ ಗಾಡಿ ಒಯ್ಯಬಹುದು. ಎರಡನೆಯದಾಗಿ, ದಿನವಿಡೀ ಕಾಯುವಷ್ಟು ಸಿಬ್ಬಂದಿ ಯಾವ ಸಂಚಾರ ಠಾಣೆಯಲ್ಲೂ ಇರುವುದಿಲ್ಲ. ಪಾಲಿಸಲಾಗದ ಆದೇಶ ವಾರದೊಳಗೆ ಸಾಯುತ್ತದೆ.

ಹೊತ್ತಿನ ಮಿತಿ ಇರುವ ಬೇಡಿಕೆ ಗೆಲ್ಲುತ್ತದೆ. ಶಾಲೆ ಇರುವ ರಸ್ತೆಗೆ ಶಾಲೆ ಸೇರುವ, ಬಿಡುವ ಹೊತ್ತಿನಲ್ಲಿ ಮಾತ್ರ ನಾಲ್ಕು ಚಕ್ರದ ವಾಹನ ಬೇಡ ಎನ್ನಿ. ಅಂಗಡಿ ಬೀದಿಗೆ ಲಾರಿ ಬೆಳಿಗ್ಗೆ ಬೇಗ ಬಂದು ಇಳಿಸಿ ಹೋಗಲಿ ಎನ್ನಿ. ವಸತಿ ಬೀದಿಗೆ ಸಮ ದಿನಾಂಕದಂದು ಒಂದು ಬದಿ, ಬೆಸ ದಿನಾಂಕದಂದು ಇನ್ನೊಂದು ಬದಿ. ಯಾರ ಮನೆ ಮುಂದೂ ದಿನಾ ಗಾಡಿ ನಿಂತಿತು ಎಂಬ ಜಗಳ ಇರುವುದಿಲ್ಲ.

ಏಕಮುಖ ಸಂಚಾರ ಕೇಳುವ ಮುಂಚೆ ಪಕ್ಕದ ಎರಡು ಬೀದಿಗೆ ಹೋಗಿ ಬನ್ನಿ. ನಿಮ್ಮಲ್ಲಿ ಕಡಿಮೆಯಾದ ವಾಹನ ಅಲ್ಲಿಗೆ ಹೋಗುತ್ತದೆ, ಅಲ್ಲಿಯವರು ನಾಳೆ ಆಕ್ಷೇಪಣೆ ಹಾಕುತ್ತಾರೆ. ರೈಲು ಹಳಿ ಊರನ್ನು ಎರಡು ಭಾಗ ಮಾಡಿರುವ ದಾವಣಗೆರೆಯಲ್ಲಿ ಇದು ಸಣ್ಣ ಮಾತಲ್ಲ. ಅಶೋಕ ರಸ್ತೆಯ ಕಡೆ ಹೋಗುವ ದಾರಿಯಲ್ಲಿ ಒಂದು ತಿರುವು ಬದಲಾದರೂ ಸುತ್ತಲಿನ ನಾಲ್ಕು ಬೀದಿಗೆ ಬಿಸಿ ತಟ್ಟುತ್ತದೆ.

ಅಂಗಡಿಯವರನ್ನು ಕೊನೆಗೆ ಅಲ್ಲ, ಮೊದಲು ಮಾತಾಡಿಸಿ. ‘ಗಿರಾಕಿ ಎಲ್ಲಿ ನಿಲ್ಲಿಸಬೇಕು ಸ್ವಾಮಿ?’ ಎಂದು ಅವರು ಕೇಳುವುದು ನ್ಯಾಯವೇ. ‘ನಿಮ್ಮ ಮುಂದೆ ಅರ್ಧ ಗಂಟೆ ನಿಲ್ಲಿಸಲಿ, ದಿನವಿಡೀ ಬೇಡ’ ಎಂದರೆ ಹೆಚ್ಚಿನವರು ಒಪ್ಪುತ್ತಾರೆ. ಅದೇ ಅರ್ಜಿಗೆ ಅವರ ಸಹಿಯೂ ಬಿದ್ದರೆ ಸ್ಥಳ ತನಿಖೆಗೆ ಬಂದ ಪಿಎಸ್‌ಐ ಎದುರು ವಾದವೇ ಏಳುವುದಿಲ್ಲ.

ಅರ್ಜಿ

ಒಂದು ಪುಟ ಸಾಕು. ಜಿಲ್ಲಾಧಿಕಾರಿಗೆ ಮೂಲ, ಎಸ್ಪಿಗೆ ಮತ್ತು ಪಾಲಿಕೆ ಆಯುಕ್ತರಿಗೆ ಪ್ರತಿ. ಒಕ್ಕಣೆ ಹೀಗಿರಬಹುದು:

‘ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ದಂಡಾಧಿಕಾರಿಗಳು, ದಾವಣಗೆರೆ ಇವರಿಗೆ. ವಿಷಯ: … ಬಡಾವಣೆ …ನೇ ಅಡ್ಡರಸ್ತೆಯಲ್ಲಿ ದಿನ ಬಿಟ್ಟು ದಿನ ಒಂದು ಬದಿ ವಾಹನ ನಿಲುಗಡೆ ಜಾರಿ ಮಾಡುವಂತೆ ಕೋರಿ. ಮಾನ್ಯರೇ, ಸದರಿ ರಸ್ತೆಯ ಸಂಚಾರಯೋಗ್ಯ ಅಗಲ … ಅಡಿ. ಎರಡೂ ಬದಿ ವಾಹನ ನಿಂತಾಗ ಉಳಿಯುವುದು … ಅಡಿ ಮಾತ್ರ. ತುರ್ತು ವಾಹನ ಬರಲಾಗುತ್ತಿಲ್ಲ. ಎಣಿಕೆಯ ಪಟ್ಟಿ, ಕೈನಕ್ಷೆ, ಫೋಟೊ ಲಗತ್ತಿಸಿದೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 115, 116 ಮತ್ತು 117ರಡಿ, ಮೊದಲು ಒಂದು ತಿಂಗಳ ಮಟ್ಟಿಗೆ ಪ್ರಾಯೋಗಿಕವಾಗಿ ಆದೇಶ ಹೊರಡಿಸಿ, ನಂತರ ಖಾಯಂ ಮಾಡಬೇಕೆಂದು ಕೋರುತ್ತೇವೆ.’

ಆ ‘ಒಂದು ತಿಂಗಳು’ ಸುಮ್ಮನೆ ಬರೆದದ್ದಲ್ಲ. 115ನೇ ಕಲಂ ಪ್ರಕಾರ ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರದಲ್ಲಿ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು. ದುಗ್ಗಮ್ಮನ ಜಾತ್ರೆಗೆ, ಗಣೇಶನ ಮೆರವಣಿಗೆಗೆ ಮಾರ್ಗ ಬದಲಿಸುವಂಥ ಸಂದರ್ಭಕ್ಕೆ ಒದಗುವ ಈ ಅವಕಾಶವನ್ನು ನಿಮ್ಮ ಓಣಿಯೂ ಕೇಳಬಹುದು. ಅಧಿಕಾರಿಗಳಿಗೂ ಇದು ಹಗುರ: ಸರಿಹೋಗದಿದ್ದರೆ ತಾನಾಗಿ ಮುಗಿಯುತ್ತದೆ.

ಪಿ.ಬಿ. ರಸ್ತೆ, ಹದಡಿ ರಸ್ತೆಯಂಥ ದೊಡ್ಡ ರಸ್ತೆಗಳ ಬದಿಯವರು ರಸ್ತೆ ಯಾರ ಸುಪರ್ದಿಯಲ್ಲಿದೆ ಎಂದು ಮೊದಲೇ ಕೇಳಿಕೊಳ್ಳಿ. ಲೋಕೋಪಯೋಗಿಯದಾದರೆ ಅವರಿಗೂ ಒಂದು ಪ್ರತಿ. ಹೊಸ ಬಡಾವಣೆಯವರು ಅದು ಪಾಲಿಕೆಗೆ ಹಸ್ತಾಂತರ ಆಗಿದೆಯೋ, ಇನ್ನೂ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಕೈಯಲ್ಲಿದೆಯೋ ನೋಡಿ.

ಹಿಂದೆ ಬೀಳುವುದು

ಡಿ.ಸಿ. ಕಚೇರಿ ಕರೂರು ಕೈಗಾರಿಕಾ ಪ್ರದೇಶದಲ್ಲಿದೆ. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ಸಂಖ್ಯೆ ಹಾಕಿಸಿಕೊಳ್ಳದೆ ಹಿಂದಿರುಗಬೇಡಿ. ಅರ್ಜಿ ಯಾವ ಶಾಖೆಗೆ ಹೋಯಿತು, ಕೇಸ್ ವರ್ಕರ್ ಯಾರು ಎಂದು ಕೇಳಿ ಬರೆದುಕೊಳ್ಳಿ. ಹದಿನೈದು ದಿನ ಬಿಟ್ಟು ಸಂಚಾರ ಠಾಣೆಯಲ್ಲಿ ‘ವರದಿ ಕೇಳಿ ಪತ್ರ ಬಂದಿದೆಯಾ?’ ಎಂದು ವಿಚಾರಿಸಿ. ಬಂದಿದ್ದರೆ ಸ್ಥಳ ನೋಡಲು ಯಾವಾಗ ಬರುತ್ತಾರೆಂದು ಕೇಳಿ. ಬರುವುದು ಮಧ್ಯಾಹ್ನ ಬೀದಿ ಖಾಲಿ ಇದ್ದಾಗಲಾದರೆ ನಿಮ್ಮ ಅರ್ಜಿಗೆ ಅರ್ಥವಿಲ್ಲ, ಸಂಜೆ ಬನ್ನಿ ಎಂದು ವಿನಂತಿಸಿ.

ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇನ್ನೊಂದು ಬಾಗಿಲು. ಎಸ್ಪಿ, ಆರ್‌ಟಿಒ, ಲೋಕೋಪಯೋಗಿ, ಪಾಲಿಕೆ ಎಲ್ಲರೂ ಒಂದೇ ಮೇಜಿಗೆ ಕೂರುವ ಸಭೆ ಅದು. ನಿಮ್ಮ ವಿಷಯವನ್ನು ಅದರ ಕಾರ್ಯಸೂಚಿಗೆ ಸೇರಿಸಿ ಎಂದು ಒಂದು ಸಾಲಿನ ಪತ್ರ ಕೊಡಿ. ಕಚೇರಿಯಿಂದ ಕಚೇರಿಗೆ ಪತ್ರ ಅಲೆಯುವುದು ತಪ್ಪುತ್ತದೆ. ಏನೂ ಅಲ್ಲಾಡದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೆ ದೂರು ದಾಖಲಿಸಿ.

ಆದೇಶ ನಿಮಗೇ ಉಲ್ಟಾ ಬಿದ್ದರೆ

ಇನ್ನೊಬ್ಬರು ತಂದ ಆದೇಶದಿಂದ ನಿಮ್ಮ ಅಂಗಡಿಗೆ ಗಾಡಿ ಬರುವುದು ನಿಂತಿರಬಹುದು. ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಿದ್ದರೆ ಅದರಲ್ಲಿ ಹೇಳಿದ ಗಡುವಿನೊಳಗೆ ಬರವಣಿಗೆಯಲ್ಲಿ ಕೊಡಿ. ಗಡುವು ಮುಗಿದ ಮೇಲೆ ಪ್ರತಿಭಟನೆಗೆ ಕೂತು ಪ್ರಯೋಜನ ಕಮ್ಮಿ. ‘ಬೇಡವೇ ಬೇಡ’ ಎನ್ನುವ ಬದಲು ಬದಲಾವಣೆ ಸೂಚಿಸಿ: ಇಂತಿಷ್ಟು ಹೊತ್ತು ಸರಕು ಇಳಿಸಲು ಬಿಡಿ, ನಿಷೇಧ ಆ ತಿರುವಿನಿಂದ ಶುರುವಾಗಲಿ. ಅಂತಿಮ ಆದೇಶವನ್ನೂ ಮಾರ್ಪಡಿಸಲು ಅದೇ ಡಿ.ಸಿ.ಗೆ ಅರ್ಜಿ ಹಾಕಬಹುದು. ಕೊನೆಗೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ; ದಾವಣಗೆರೆಯವರಿಗೆ ಅದು ಧಾರವಾಡ ಪೀಠವಲ್ಲ, ಬೆಂಗಳೂರು.

ಬೋರ್ಡು ಬಂದ ಮೇಲೆ

ಆದೇಶದ ಪ್ರತಿ ತೆಗೆದಿಟ್ಟುಕೊಳ್ಳಿ. ಚಿಹ್ನೆ ಸರಿಯಿದೆಯೇ ನೋಡಿ: ನೀಲಿ ವೃತ್ತ, ಕೆಂಪು ಅಂಚು, ಒಂದು ಅಡ್ಡಗೆರೆ ಇದ್ದರೆ ನಿಲುಗಡೆ ಇಲ್ಲ, ಎರಡು ಗೆರೆ ಕತ್ತರಿಯಾಗಿದ್ದರೆ ಕ್ಷಣ ನಿಲ್ಲಿಸುವಂತೆಯೂ ಇಲ್ಲ. ಎರಡು ಗೆರೆಯದು ತಪ್ಪಿ ಬಂದರೆ ಅಜ್ಜಿಯನ್ನು ಆಟೊದಿಂದ ಇಳಿಸಲೂ ಆಗದು. ಹೊತ್ತು, ದಿನಾಂಕ, ಎಲ್ಲಿಂದ ಎಲ್ಲಿಯವರೆಗೆ ಎಂಬುದು ಕೆಳಗಿನ ಪಟ್ಟಿಯಲ್ಲಿ ಕನ್ನಡದಲ್ಲಿ ಇರಲಿ. ನಿಷೇಧಿತ ಜಾಗದಲ್ಲಿ ನಿಂತ ವಾಹನವನ್ನು ಪೊಲೀಸರು ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಅಡಿ ಎತ್ತಿಸಬಹುದು.

ಆದೇಶ ಬಂದೂ ಬೋರ್ಡು ಬರದಿದ್ದರೆ, ಅಥವಾ ಕಡತ ಎಲ್ಲಿದೆ ಎಂದೇ ಗೊತ್ತಾಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಗದ ಕೇಳಿ. ಇಂಥ ಸಂಖ್ಯೆಯ ನಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆ, ಸಂಚಾರ ಠಾಣೆಯ ಸ್ಥಳ ವರದಿ, ಪಾಲಿಕೆಯ ಅಭಿಪ್ರಾಯದ ಪ್ರತಿ. 30 ದಿನದಲ್ಲಿ ಬರದಿದ್ದರೆ ಅದೇ ಕಚೇರಿಯ ಮೇಲ್ಮನವಿ ಅಧಿಕಾರಿಗೆ, ಮುಂದಿನ 30 ದಿನದೊಳಗೆ, ಮೊದಲ ಮೇಲ್ಮನವಿ ಹಾಕಬೇಕು.