ಕ್ರೇನ್ ನೋಡಿ ಮರುಳಾಗಬೇಡಿ, ಸ್ಪ್ರಿಂಗ್ ಎಲ್ಲಿ ಎಂದು ಕೇಳಿ

ನಿಮ್ಮ ಊರಲ್ಲಿ ದೊಡ್ಡದೊಂದು ಸಂಗೀತ ಸಭಾಂಗಣ ಏಳುತ್ತಿದೆಯಾ? ಅದನ್ನು ಶುರುವಿನಿಂದ ಕೊನೆವರೆಗೂ ಗಮನಿಸುವ ಆಸೆ ಇದೆಯಾ? ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಎಲ್ಬ್‌ಫಿಲ್ಹಾರ್ಮನಿ ಎಂಬ ಸಂಗೀತ ಸಭಾಂಗಣ ಕಟ್ಟುವಾಗ ನಾನು ಅದೇ ಊರಲ್ಲಿದ್ದೆ. ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ನಿಲ್ಲೋಕೆ ಒಂದು ಜಾಗ ಗೊತ್ತುಮಾಡಿಕೊಳ್ಳಿ. ಪ್ರತಿ ಸಲವೂ ಅಲ್ಲಿಂದಲೇ ಫೋಟೋ ತೆಗೆಯಿರಿ. ನನ್ನ ಜಾಗ ಬೌಮ್‌ವಾಲ್ ಮೆಟ್ರೋ ನಿಲ್ದಾಣ. ಎತ್ತರದಲ್ಲಿದೆ, ತಲೆ ಮೇಲೆ ಸೂರಿದೆ. ಹ್ಯಾಂಬರ್ಗ್ ಮಳೆ ಕಂಡವರಿಗೆ ಇದರ ಬೆಲೆ ಗೊತ್ತು.

ಕೆಲಸ ಶುರುವಾಗಿದ್ದು 2007ರಲ್ಲಿ. ಕೆಳಗಿರುವುದು 1960ರ ದಶಕದ ಇಟ್ಟಿಗೆ ಗೋದಾಮು. ಕೋಕೋ, ಚಹಾ ಇಡುತ್ತಿದ್ದ ಜಾಗ. ಹೊರಗೋಡೆ ಉಳಿಸಿಕೊಂಡು, ಒಳಗೆಲ್ಲ ತೆಗೆದು, ಮೇಲೆ ಗಾಜಿನ ಕಟ್ಟಡ ಏರಿಸಿದರು.

ಗಾಜು ಕೂತ ಕೂಡಲೇ ಮುಗೀತು ಅಂದುಕೊಳ್ಳಬೇಡಿ. 2010ರ ಮೇ ತಿಂಗಳಲ್ಲಿ 'ರಿಖ್ಟ್‌ಫೆಸ್ಟ್' ಮಾಡಿದರು. ನಮ್ಮಲ್ಲಿ ತಾರಸಿಗೆ ಮೋಲ್ಡ್ ಹಾಕಿದ ದಿನ ಮೇಸ್ತ್ರಿಗಳಿಗೆ ಊಟ ಹಾಕುತ್ತೇವಲ್ಲ, ಹಾಗೆ. ಆದರೆ ಮೊದಲ ಸಂಗೀತ ಕಛೇರಿ ನಡೆದದ್ದು 2017ರ ಜನವರಿಯಲ್ಲಿ! ನಡುವೆ ಛಾವಣಿ ವಿಷಯಕ್ಕೆ ಜಗಳವಾಗಿ ಒಂದು ವರ್ಷಕ್ಕೂ ಜಾಸ್ತಿ ಕೆಲಸ ಹೆಚ್ಚುಕಡಿಮೆ ನಿಂತೇ ಇತ್ತು. ಆಗಲೂ ಕ್ರೇನ್‌ಗಳು ಮಾತ್ರ ಗಂಭೀರವಾಗಿ ನಿಂತಿದ್ದವು. ಅದಕ್ಕೇ ಕಟ್ಟಡದ ಜೊತೆಗೆ ನಗರಸಭೆಯ ಸುದ್ದಿಯನ್ನೂ ಓದಿ. ನಗರದ ಪಾಲು ಮೊದಲು 7.7 ಕೋಟಿ ಯೂರೋ ಎಂದಿದ್ದರು, ಕೊನೆಗೆ ಅದು 78.9 ಕೋಟಿಗೆ ಹೋಯಿತು. ಪ್ರತಿ ಹೊಸ ಅಂಕಿಯನ್ನು ತಾರೀಖಿನ ಸಮೇತ ಆ ತಿಂಗಳ ಫೋಟೋ ಕೆಳಗೆ ಬರೆದಿಡಿ. ಆಮೇಲೆ ತಿರುವಿ ಹಾಕಿದರೆ ಕಥೆ ಗೊತ್ತಾಗುತ್ತದೆ.

ನಿಜವಾದ ಸಭಾಂಗಣ ಹೊರಗಿಂದ ಕಾಣುವುದಿಲ್ಲ. ಬಂದರಿನ ಹಡಗುಗಳ ಸದ್ದು ಒಳಗೆ ಬರಬಾರದು, ಅಲ್ವಾ? ಅದಕ್ಕೆ ಸುಮಾರು 12,500 ಟನ್ ತೂಕದ ದೊಡ್ಡ ಸಭಾಂಗಣವನ್ನು 362 ಸ್ಪ್ರಿಂಗ್ ಜೋಡಣೆಗಳ ಮೇಲೆ ಕೂರಿಸಿದ್ದಾರೆ. ಗೋಡೆ, ಚಾವಣಿಗೆ ಸುಮಾರು 10,000 ಜಿಪ್ಸಮ್ ಹಲಗೆಗಳು. ಅವುಗಳ ಗುಳಿಗಳು ಸುಮ್ನೆ ಅಂದಕ್ಕಲ್ಲ, ಸದ್ದನ್ನು ಎಲ್ಲ ಕಡೆಗೂ ಚದುರಿಸುವುದಕ್ಕೆ. ಒಳಗಿನ ಸದ್ದಿನ ವಿನ್ಯಾಸ ಜಪಾನಿನ ಧ್ವನಿತಜ್ಞ ಯಾಸುಹಿಸಾ ಟೊಯೋಟಾ ಅವರದು. ಸದ್ದಿನ ಪರೀಕ್ಷೆಗೆ ಮಾಡಿದ, ಹತ್ತನೇ ಒಂದು ಅಳತೆಯ ಮಾದರಿಯನ್ನು ಹತ್ತಿರದ ಪೆವಿಲಿಯನ್‌ನಲ್ಲಿ ಜನರಿಗೂ ತೋರಿಸುತ್ತಿದ್ದರು. ನಿಮ್ಮಲ್ಲೂ ಅಂಥ ಮಾದರಿ ಇದ್ದರೆ ಮೊದಲು ಅಲ್ಲಿಗೆ ಹೋಗಿ. ಕಾಮಗಾರಿ ಜಾಗ ಆಮೇಲೆ.

ತೆರೆದ ಮೇಲೂ ಬಿಡಬೇಡಿ. ಇಲ್ಲಿ 2,100 ಸೀಟುಗಳು ವೇದಿಕೆಯ ಸುತ್ತಲೂ ಇವೆ, ಯಾವುದೂ ಕಂಡಕ್ಟರ್‌ನಿಂದ (ವಾದ್ಯವೃಂದವನ್ನು ಕೈಸನ್ನೆಯಿಂದ ನಡೆಸುವವರು) 30 ಮೀಟರ್‌ಗಿಂತ ದೂರ ಇಲ್ಲ. ವಾದ್ಯವೃಂದ ಕೇಳುವುದಾದರೆ ವೇದಿಕೆಯ ಹಿಂದಿನ ಸೀಟು ತೆಗೆದುಕೊಳ್ಳಿ, ಕಂಡಕ್ಟರ್ ಮುಖ ಕಾಣುತ್ತದೆ. ಗಾಯಕರಿದ್ದರೆ ಮಾತ್ರ ಬೇಡ. ದನಿಯೆಲ್ಲ ವೇದಿಕೆಯ ಮುಂದಿನ ಕಡೆಗೆ ಹೋಗುತ್ತದೆ.