ಬೀಮ್ ಸೆನ್ಸಾರ್ ಹಾಕುವಾಗ ಮೀಟರ್ ಕೈಯಲ್ಲೇ ಇರಲಿ

ಕಳ್ಳರು ಅಂಗಳಕ್ಕೆ ನುಗ್ಗಿದರೆ ಎಚ್ಚರಿಸುವ ಬೀಮ್ ಸೆನ್ಸಾರ್ ಅಂದರೆ ಎರಡು ಡಬ್ಬಿ. ಒಂದು ತುದಿಯಲ್ಲಿ ಟ್ರಾನ್ಸ್‌ಮಿಟರ್, ಎದುರು ತುದಿಯಲ್ಲಿ ರಿಸೀವರ್. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಅದರಿಂದ ಇದಕ್ಕೆ ಹರಿಯುತ್ತಿರುತ್ತದೆ. ಯಾರಾದರೂ ನಡುವೆ ದಾಟಿದರೆ ಬೆಳಕು ಕಡಿಯುತ್ತದೆ, ರಿಸೀವರ್ ಒಳಗಿನ ರಿಲೇ (ತಾನೇ ಬದಲಾಗುವ ಸ್ವಿಚ್) ಬದಲಾಗುತ್ತದೆ, ಪ್ಯಾನೆಲ್, ಅಂದರೆ ಅಲಾರಂನ ಮುಖ್ಯ ಡಬ್ಬಿ, ಸೈರನ್ ಕೂಗಿಸುತ್ತದೆ. ಕೇಳೋದಕ್ಕೆ ಇಷ್ಟೇ. ಆದರೆ ಹಾಕಿಸಿಕೊಂಡ ಎಷ್ಟೋ ಜನ ಸ್ವಲ್ಪ ದಿನದಲ್ಲೇ ‘ಇದು ಸುಮ್ನೆ ಸುಮ್ನೆ ಕೂಗುತ್ತೆ’ ಅಂತ ಆ ಜೋನನ್ನೇ (ಪ್ಯಾನೆಲ್‌ನಲ್ಲಿ ಆ ಸೆನ್ಸಾರ್‌ನ ಲೈನನ್ನೇ) ಬೈಪಾಸ್ ಮಾಡಿಬಿಡುತ್ತಾರೆ, ಅಂದರೆ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಿಬಿಡುತ್ತಾರೆ. ಬೈಪಾಸ್ ಮಾಡಿದ ಮೇಲೆ ಅದು ಇದ್ದೂ ಇಲ್ಲದ ಹಾಗೆ, ಅಲ್ವಾ?

ನನ್ನ ವರ್ಕ್‌ಶಾಪ್ ಅಂಗಳಕ್ಕೆ ನಾನೇ ಬೀಮ್ ಹಾಕಿ, ವೈರಿಂಗ್ ಮಾಡಿ, ಪ್ಯಾನೆಲ್‌ಗೆ ಸೇರಿಸಿದೆ. ಮಳೆ, ಮಂಜು, ಇಳಿಬಿಸಿಲು ಎಲ್ಲ ಕಂಡ ಮೇಲೂ ಅದು ಸರಿಯಾಗಿ ಕೆಲಸ ಮಾಡುತ್ತಿದೆ. ದುಬಾರಿ ಸೆನ್ಸಾರ್ ತಂದಿದ್ದೇನೆ ಅಂತ ಅಲ್ಲ. ಒಂದೊಂದು ಹಂತದಲ್ಲೂ ಅಂದಾಜು ಬಿಟ್ಟು ಅಳೆದು ನೋಡಿದ್ದಕ್ಕೆ. ಒಂದು ಸಾದಾ ಮಲ್ಟಿಮೀಟರ್ ಸಾಕು. ಪ್ಯಾನೆಲ್‌ನ 12 ವೋಲ್ಟ್ ಕಡೆಯ ಕೆಲಸ ಮಾತ್ರ ನಾನು ಮಾಡಿದ್ದು, ಮೇನ್ಸ್ ಕಡೆಯದನ್ನು ಎಲೆಕ್ಟ್ರಿಷಿಯನ್ ಕೈಗೇ ಕೊಟ್ಟೆ. ನೀವೂ ಹಾಗೇ ಮಾಡಿ.

ಮೊದಲು ಜಾಗ. ಬೆಳಕು ನೆಟ್ಟಗೆ ಹೋಗುತ್ತದೆ, ನೆಲ ಮಾತ್ರ ನೆಟ್ಟಗಿರುವುದಿಲ್ಲ. ಹಾಗಾಗಿ ಎರಡು ತುದಿಗೂ ಗೂಟ ಹೊಡೆದು, ಬೀಮ್ ಬರುವ ಎತ್ತರದಲ್ಲಿ ದಾರ ಎಳೆದು ಕಟ್ಟಿ, ದಾರದ ಕೆಳಗೆ ಎಲ್ಲೆಲ್ಲಿ ಎಷ್ಟು ಸಂದು ಇದೆ ಅಂತ ನಡೆದು ನೋಡಿದೆ. ಸಾಮಾನ್ಯವಾಗಿ ನೆಲದಿಂದ 70 ಸೆಂಟಿಮೀಟರ್‌ನಿಂದ 1 ಮೀಟರ್ ಎತ್ತರದಲ್ಲಿ ಹಾಕುತ್ತಾರೆ. ನನ್ನ ಅಂಗಳದ ಒಂದು ಕಡೆ ನೀರು ಹರಿಯುವ ತಗ್ಗು ಇದೆ. ಅಲ್ಲಿ ತೆವಳಿಕೊಂಡು ಬಂದರೆ ಬೀಮ್‌ಗೆ ತಾಗುವುದೇ ಇಲ್ಲ. ಇಂಥ ಕಡೆ ಒಂದೋ ತಗ್ಗು ತುಂಬಿಸಬೇಕು, ಇಲ್ಲ ಕೆಳಗೆ ಇನ್ನೊಂದು ಜೋಡಿ ಹಾಕಬೇಕು. ನಾನು ತುಂಬಿಸಿದೆ, ನೀರಿಗೆ ಪೈಪ್ ಬಿಟ್ಟೆ.

ದೂರದ ಲೆಕ್ಕ ಹಾಕುವಾಗ ಡಬ್ಬಿಯ ಮೇಲಿನ ಹೊರಾಂಗಣದ ಅಂಕಿಯನ್ನೇ ನೋಡಿ. ಒಳಾಂಗಣದ ಅಂಕಿ ಜಾಸ್ತಿ ಇರುತ್ತದೆ, ಮಳೆ ಮಂಜು ಇಲ್ಲದ ಕಡೆಗೆ ಅದು. ನನ್ನ ಉದ್ದದ ಬದಿ 45 ಮೀಟರ್ ಇದೆ, ಅದಕ್ಕೆ ಹೊರಾಂಗಣ 60 ಮೀಟರ್ ರೇಟಿಂಗ್‌ನ ಎರಡು ಕಿರಣದ ಮಾಡೆಲ್ ಹಾಕಿದೆ. ಎರಡು ಕಿರಣ ಇದ್ದರೆ ಎರಡೂ ಒಟ್ಟಿಗೆ ಕಡಿದಾಗ ಮಾತ್ರ ಅಲಾರಂ. ಒಂದು ಹಕ್ಕಿಯೋ ಎಲೆಯೋ ಒಂದು ಕಿರಣಕ್ಕೆ ಅಡ್ಡ ಬಂದರೆ ಏನೂ ಆಗುವುದಿಲ್ಲ. ಬಯಲಿಗೆ ಒಂದೇ ಕಿರಣದ್ದು ಹಾಕಲೇಬೇಡಿ ಅನ್ನೋದು ನನ್ನ ಖಡಾಖಂಡಿತ ಮಾತು.

ರಿಸೀವರ್ ಯಾವ ತುದಿಗೆ? ಇದನ್ನು ಸೂರ್ಯ ತೀರ್ಮಾನಿಸುತ್ತಾನೆ. ಬೆಳಿಗ್ಗೆ ಅಥವಾ ಸಂಜೆ ಕೆಳಗಿಳಿದ ಸೂರ್ಯ ನೇರವಾಗಿ ರಿಸೀವರ್ ಕಣ್ಣಿಗೆ ಹೊಡೆದರೆ ತೊಂದರೆ. ಪೂರ್ವ–ಪಶ್ಚಿಮವಾಗಿ ಹೋಗುವ ಬದಿಯಲ್ಲಿ ಯಾವ ತುದಿಗೆ ಇಟ್ಟರೂ ಒಂದು ಹೊತ್ತು ಸೂರ್ಯ ಎದುರಾಗುತ್ತಾನೆ. ಅದಕ್ಕೆ ಯಾವ ಟ್ರಾನ್ಸ್‌ಮಿಟರ್‌ನ ಬೆನ್ನ ಹಿಂದೆ ಕಟ್ಟಡದ ಮರೆ ಇರುತ್ತದೋ ಆ ಜೋಡಣೆಯನ್ನು ಆರಿಸಿಕೊಂಡೆ.

ಮೂಲೆಯ ಕಂಬಕ್ಕೂ ಒಂದು ನಿಯಮ ಇದೆ. ಎರಡು ಬದಿಯ ಬೀಮ್‌ಗಳು ಒಂದೇ ಕಂಬದಲ್ಲಿ ಸೇರುವಾಗ ಎರಡೂ ಟ್ರಾನ್ಸ್‌ಮಿಟರ್ ಇರಲಿ, ಇಲ್ಲ ಎರಡೂ ರಿಸೀವರ್ ಇರಲಿ. ಒಂದು ಜೋಡಿಯ ಬೆಳಕು ಇನ್ನೊಂದು ಜೋಡಿಯ ರಿಸೀವರ್‌ಗೆ ಬಿದ್ದರೆ, ಕಳ್ಳ ದಾಟಿದರೂ ಆ ರಿಸೀವರ್‌ಗೆ ಬೆಳಕು ಸಿಗುತ್ತಲೇ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಫ್ರೀಕ್ವೆನ್ಸಿ ಚಾನೆಲ್ ಬದಲಿಸುವ ಸ್ವಿಚ್ ಇರುತ್ತದೆ. ಇದ್ದರೆ ಪ್ರತಿ ಜೋಡಿಗೂ ಬೇರೆ ಚಾನೆಲ್ ಕೊಡಿ, ಒಂದು ಜೋಡಿಯ ಎರಡು ತುದಿಗೂ ಮಾತ್ರ ಒಂದೇ ಚಾನೆಲ್.

ಕಂಬದ ವಿಷಯದಲ್ಲಿ ಕಂಜೂಸ್ ಮಾಡಬೇಡಿ. 45 ಮೀಟರ್ ದೂರದಲ್ಲಿ 1 ಡಿಗ್ರಿ ವಾಲಿದರೆ ಕಿರಣದ ನಡು ಸುಮಾರು 79 ಸೆಂಟಿಮೀಟರ್ ಸರಿಯುತ್ತದೆ. ಟಾರ್ಚ್ ಹಿಡಿದ ಕೈ ಒಂಚೂರು ಅಲುಗಿದರೆ ದೂರದ ಗೋಡೆಯ ಮೇಲಿನ ಬೆಳಕು ಎಷ್ಟು ಓಡುತ್ತದೆ, ಹಾಗೆ. ನಾನು ದಪ್ಪ ಜಿಐ ಪೈಪ್ ತಂದು ಆಳವಾಗಿ ಗುಂಡಿ ತೆಗೆದು ಕಾಂಕ್ರೀಟ್ ಹಾಕಿ ನಿಲ್ಲಿಸಿದೆ, ಅದು ಪೂರ್ತಿ ಗಟ್ಟಿಯಾಗುವವರೆಗೆ ಸೆನ್ಸಾರ್ ಮುಟ್ಟಲೇ ಇಲ್ಲ. ತಗಡಿನ ಬೇಲಿಗೆ, ಗೇಟ್ ಬಡಿದಾಗ ಅದುರುವ ಕಂಬಕ್ಕೆ, ಮರಕ್ಕೆ ಕಟ್ಟಬೇಡಿ.

ಈಗ ವೈರಿಂಗ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ‘ಸುಮ್ನೆ ಕೂಗುತ್ತೆ’ ಅನ್ನೋ ದೂರಿನ ಬೇರು ಬಹಳ ಸಲ ಇಲ್ಲೇ ಇರುತ್ತದೆ. ನನ್ನ ಸೆನ್ಸಾರ್‌ಗೆ ಕನಿಷ್ಠ 10.5 ವೋಲ್ಟ್ ಬೇಕು ಅಂತ ಅದರ ಕೈಪಿಡಿ ಹೇಳುತ್ತದೆ. ಕರೆಂಟ್ ಇದ್ದಾಗ ಪ್ಯಾನೆಲ್ 13.8 ವೋಲ್ಟ್ ಹತ್ತಿರ ಕೊಡುತ್ತದೆ, ಆಗ ಎಲ್ಲವೂ ಚೆನ್ನಾಗೇ ಕಾಣುತ್ತದೆ. ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತಾ 11 ವೋಲ್ಟ್‌ಗೆ ಬಂದಾಗ ಏನಾಗುತ್ತದೆ? 100 ಮೀಟರ್ ದೂರಕ್ಕೆ 0.22 ಚದರ ಮಿಲಿಮೀಟರ್‌ನ ಮಾಮೂಲಿ ಅಲಾರಂ ಕೇಬಲ್ ಎಳೆದಿದ್ದೀರಿ ಅನ್ನಿ. ಹೋಗಿ ಬರುವ ತಾಮ್ರ ಸೇರಿ 200 ಮೀಟರ್, ರೆಸಿಸ್ಟೆನ್ಸ್ ಹತ್ತಿರ ಹತ್ತಿರ 15.6 ಓಮ್. 100 ಮಿಲಿ ಆಂಪ್ ಎಳೆದರೆ ದಾರಿಯಲ್ಲೇ 1.5 ವೋಲ್ಟ್‌ಗಿಂತ ಜಾಸ್ತಿ ಹೋಯಿತು. ಸೆನ್ಸಾರ್‌ಗೆ ಸಿಗುವುದು 9.4 ವೋಲ್ಟ್ ಮಾತ್ರ. 0.5 ಚದರ ಮಿಲಿಮೀಟರ್ ಆದರೂ 10.3ಕ್ಕೆ ಬರುತ್ತದೆ, ಸಾಲದು. 1 ಚದರ ಮಿಲಿಮೀಟರ್ ಹಾಕಿದರೆ ನಷ್ಟ 0.35 ವೋಲ್ಟ್ ಒಳಗೇ ಇರುತ್ತದೆ. ಕರೆಂಟ್ ಹೋದ ರಾತ್ರಿಯೇ ಅಲ್ವಾ ಇದು ಬೇಕಾಗಿರೋದು? ಅದಕ್ಕೆ ಸಪ್ಲೈಗೆ 1 ಚದರ ಮಿಲಿಮೀಟರ್ ಜೋಡಿ ಎಳೆದೆ, ಸಿಗ್ನಲ್‌ಗೆ ತೆಳು ಕೇಬಲ್ ಸಾಕಾಯಿತು. ಎಲ್ಲ ಸೇರಿಸಿದ ಮೇಲೆ ಮೇನ್ಸ್ ಆಫ್ ಮಾಡಿಸಿ, ಬ್ಯಾಟರಿ ಮೇಲೆ ಓಡಿಸಿ, ಅತಿ ದೂರದ ಸೆನ್ಸಾರ್‌ನ ಟರ್ಮಿನಲ್‌ನಲ್ಲೇ ವೋಲ್ಟೇಜ್ ನೋಡಿದೆ. ಪ್ಯಾನೆಲ್ ಹತ್ತಿರ ಅಳೆದರೆ ಏನೂ ಗೊತ್ತಾಗುವುದಿಲ್ಲ.

ಟ್ರಾನ್ಸ್‌ಮಿಟರ್‌ಗೆ ಪ್ಲಸ್ ಮೈನಸ್ ಎರಡೇ ವೈರ್ ಸಾಕು. ರಿಸೀವರ್‌ಗೆ ಅದರ ಜೊತೆ ಅಲಾರಂ ಜೋಡಿ, ಟ್ಯಾಂಪರ್ ಜೋಡಿ (ಯಾರಾದರೂ ಮುಚ್ಚಳ ತೆಗೆದರೆ ತಿಳಿಸುವ ಸ್ವಿಚ್‌ನದು). ಅಲಾರಂ ರಿಲೇಯಲ್ಲಿ ಕಾಮನ್ ಮತ್ತು ಎನ್‌ಸಿ (ನಾರ್ಮಲಿ ಕ್ಲೋಸ್ಡ್) ಟರ್ಮಿನಲ್ ಬಳಸಿದೆ. ಸುಮ್ಮನಿದ್ದಾಗ ಮುಚ್ಚಿರುವ ಸಂಪರ್ಕ ಅದು, ಹಾಗಾಗಿ ಯಾರಾದರೂ ವೈರ್ ಕತ್ತರಿಸಿದರೂ ಪ್ಯಾನೆಲ್‌ಗೆ ಗೊತ್ತಾಗುತ್ತದೆ. ಒಂದು ಮಾತು: ನನ್ನ ಸೆನ್ಸಾರ್‌ನಲ್ಲಿ ಪವರ್ ಕೊಟ್ಟು ಬೀಮ್ ಕೂಡಿದಾಗ ಮಾತ್ರ ಆ ಸಂಪರ್ಕ ಮುಚ್ಚುತ್ತದೆ. ಪವರ್ ಇಲ್ಲದೆ ಮೀಟರ್ ಇಟ್ಟರೆ ಓಪನ್ ತೋರಿಸುತ್ತದೆ, ಅದು ವೈರಿಂಗ್ ತಪ್ಪಲ್ಲ.

ಎಂಡ್ ಆಫ್ ಲೈನ್ ರೆಸಿಸ್ಟರ್ ಅಂತ ಒಂದು ಬರುತ್ತದೆ. ಪ್ಯಾನೆಲ್‌ಗೆ ಇದರ ಓಮ್ ಕಾಣುತ್ತಿದ್ದರೆ ಲೈನ್ ಸರಿ ಇದೆ ಅಂತ ಲೆಕ್ಕ. ಪ್ಯಾನೆಲ್‌ಗೆ ತಕ್ಕಂತೆ 1 ಕೆ (ಅಂದರೆ ಸಾವಿರ ಓಮ್), 2.2 ಕೆ, 4.7 ಕೆ, 5.6 ಕೆ ಹೀಗೆ. ಅದನ್ನು ಪ್ಯಾನೆಲ್ ಡಬ್ಬಿಯೊಳಗೇ ಸಿಕ್ಕಿಸಿಬಿಡುವವರು ತುಂಬಾ ಜನ. ಕೆಲಸ ಬೇಗ ಮುಗಿಯುತ್ತದೆ, ನಿಜ. ಆದರೆ ಆಗ ದಾರಿಯಲ್ಲಿ ಯಾರಾದರೂ ಎರಡು ವೈರ್ ಸುಲಿದು ಒಂದಕ್ಕೊಂದು ಸೇರಿಸಿದರೆ, ಪ್ಯಾನೆಲ್‌ಗೆ ಎಲ್ಲ ಸರಿ ಇದೆ ಅಂತಲೇ ಕಾಣುತ್ತದೆ, ರಿಸೀವರ್ ಎಷ್ಟು ಬಡಿದುಕೊಂಡರೂ ಕೇಳಿಸುವುದಿಲ್ಲ. ಹೆಸರೇ ಹೇಳುವಂತೆ ಅದು ಲೈನ್‌ನ ಕೊನೆಯಲ್ಲಿ, ರಿಸೀವರ್ ಡಬ್ಬಿಯೊಳಗೆ, ಎನ್‌ಸಿ ಸಂಪರ್ಕದ ಜೊತೆ ಸೀರೀಸ್‌ನಲ್ಲಿ ಇರಬೇಕು. ಹಾಕಿದ ಮೇಲೆ ಪ್ಯಾನೆಲ್‌ನಿಂದ ಆ ಜೋಡಿ ಬಿಚ್ಚಿ ಓಮ್‌ನಲ್ಲಿ ನೋಡಿದೆ. ನನ್ನದು 2.2 ಕೆ, ಕೇಬಲ್‌ನದು ಸೇರಿ ಅದಕ್ಕಿಂತ ಸ್ವಲ್ಪವೇ ಜಾಸ್ತಿ ಬಂತು. ಬೀಮ್‌ಗೆ ಕೈ ಅಡ್ಡ ಇಟ್ಟಾಗ ಓಪನ್ ಆಯಿತು. ಟ್ಯಾಂಪರ್ ಜೋಡಿಯನ್ನು ಯಾವಾಗಲೂ ಎಚ್ಚರವಿರುವ 24 ಗಂಟೆ ಜೋನ್‌ಗೆ ಕೊಟ್ಟೆ, ಹಗಲಲ್ಲಿ ಸಿಸ್ಟಮ್ ಆಫ್ ಇದ್ದಾಗ ಮುಚ್ಚಳ ತೆಗೆದರೂ ಕೂಗಲಿ ಅಂತ.

ಕೇಬಲ್‌ಗಳನ್ನು ನೆಲದಡಿ ಪೈಪ್‌ನಲ್ಲಿ ತಂದೆ, ಮೇನ್ಸ್ ವೈರ್ ಜೊತೆ ಒಂದೇ ಪೈಪ್‌ನಲ್ಲಿ ಅಲ್ಲ. ಅಡ್ಡ ದಾಟಲೇಬೇಕಾದ ಕಡೆ ನೇರ ಕೋನದಲ್ಲಿ ದಾಟಿಸಿದೆ. ಶೀಲ್ಡ್ (ವೈರ್‌ಗಳ ಸುತ್ತ ಲೋಹದ ಹೊದಿಕೆ) ಇರುವ ಕೇಬಲ್ ಆದರೆ ಶೀಲ್ಡನ್ನು ಪ್ಯಾನೆಲ್ ತುದಿಯಲ್ಲಿ ಮಾತ್ರ ಅರ್ಥ್ ಮಾಡಿ. ಸೆನ್ಸಾರ್ ಹತ್ತಿರ ಕೇಬಲ್ ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೆ ಹೋಗುವಂತೆ ಸುತ್ತು ಬಿಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಒಳಗೆ ನುಗ್ಗುವುದಿಲ್ಲ. ಕೇಬಲ್ ನುಗ್ಗುವ ತೂತಿಗೆ ಸಿಲಿಕೋನ್ ಬಳಿಯಿರಿ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತದೆ. ತಳದಲ್ಲಿ ನೀರು ಹೋಗೋದಕ್ಕೆ ಅಂತ ಕಂಪನಿಯೇ ಕೊಟ್ಟ ತೂತು ಇದ್ದರೆ ಅದನ್ನು ಮುಚ್ಚಬೇಡಿ.

ಅಲೈನ್‌ಮೆಂಟ್ ನನಗೆ ಬಹಳ ಇಷ್ಟವಾದ ಕೆಲಸ. ಮುಚ್ಚಳ ತೆಗೆದರೆ ಲೆನ್ಸ್‌ಗಳ ನಡುವೆ ಒಂದು ಚಿಕ್ಕ ವ್ಯೂಫೈಂಡರ್ ಇರುತ್ತದೆ. ಅದರಲ್ಲಿ ಕಣ್ಣಿಟ್ಟು ಎದುರಿನ ಡಬ್ಬಿ ನಡುವಿಗೆ ಬರುವವರೆಗೆ ಅಡ್ಡಕ್ಕೆ ಕೈಯಲ್ಲಿ ತಿರುಗಿಸಿ, ಮೇಲೆ ಕೆಳಗೆ ಸ್ಕ್ರೂನಿಂದ ಸರಿಮಾಡಿ. ಎರಡು ತುದಿಯಲ್ಲೂ ಹೀಗೆ ಮಾಡುವಷ್ಟರಲ್ಲಿ ರಿಸೀವರ್‌ನ ಅಲಾರಂ ದೀಪ ಆರಿಹೋಗುತ್ತದೆ. ಇಲ್ಲಿಗೆ ಮುಗಿಯಿತು ಅಂತ ಮುಚ್ಚಳ ಹಾಕಬೇಡಿ! ದೀಪ ಆರೋದು ಅಂದರೆ ಬೆಳಕು ಹೇಗೋ ಸಿಗುತ್ತಿದೆ ಅಂತ ಮಾತ್ರ. ಕಿರಣದ ಅಂಚು ತಾಗಿದರೂ ದೀಪ ಆರುತ್ತದೆ, ಆಮೇಲೆ ಮೊದಲ ಜೋರು ಮಳೆಗೆ ಬೆಳಕು ತಗ್ಗಿದಾಗ ಕೂಗುತ್ತದೆ.

ರಿಸೀವರ್‌ನಲ್ಲಿ ಮಾನಿಟರ್ ಜಾಕ್ ಇರುತ್ತದೆ, ಅಲ್ಲಿ ಮೀಟರ್ ಪಿನ್ ಇಟ್ಟರೆ ಬರುವ ಬೆಳಕಿಗೆ ತಕ್ಕ ಡಿಸಿ ವೋಲ್ಟೇಜ್ ತೋರಿಸುತ್ತದೆ. ಇದನ್ನು ನೋಡಿಕೊಂಡು ಸ್ಕ್ರೂವನ್ನು ನಿಧಾನಕ್ಕೆ ಒಂದೇ ದಿಕ್ಕಿಗೆ ತಿರುಗಿಸುತ್ತಾ ಹೋದರೆ ಅಂಕಿ ಏರುತ್ತದೆ, ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಏರುವ ಕಡೆಯ ಅಂಚು, ಇಳಿಯುವ ಕಡೆಯ ಅಂಚು ಎರಡನ್ನೂ ಗುರುತಿಟ್ಟುಕೊಂಡು ನಡುವಿಗೆ ತಂದು ನಿಲ್ಲಿಸಿ. ಅಡ್ಡಕ್ಕೂ ಹಾಗೆಯೇ. ರಿಸೀವರ್ ಆದ ಮೇಲೆ ಟ್ರಾನ್ಸ್‌ಮಿಟರ್ ತುದಿಗೆ ಹೋಗಿ ಅದನ್ನೂ ಹೀಗೇ ಮಾಡಬೇಕು, ರಿಸೀವರ್ ಹತ್ತಿರ ನಿಂತು ಅಂಕಿ ಕೂಗಿ ಹೇಳೋದಕ್ಕೆ ಒಬ್ಬರು ಬೇಕು. ಮತ್ತೆ ಬಂದು ರಿಸೀವರ್ ಇನ್ನೊಮ್ಮೆ. ಕೊನೆಗೆ ಮೇಲಿನ ಲೆನ್ಸ್ ಮುಚ್ಚಿ ಒಮ್ಮೆ, ಕೆಳಗಿನದು ಮುಚ್ಚಿ ಒಮ್ಮೆ ಅಳೆಯಿರಿ. ಎರಡೂ ಹತ್ತಿರ ಹತ್ತಿರ ಇರಬೇಕು. ಎಷ್ಟಿದ್ದರೆ ಒಳ್ಳೆಯದು ಅಂತ ಮಾಡೆಲ್‌ನ ಕೈಪಿಡಿಯಲ್ಲಿ ಕೊಟ್ಟಿರುತ್ತಾರೆ. ಬಂದ ಅಂಕಿಯನ್ನು ತಾರೀಖಿನ ಜೊತೆ ಮುಚ್ಚಳದ ಒಳಗೆ ಬರೆದಿಟ್ಟೆ.

ಬೆಳಕು ಎಷ್ಟು ಹೊತ್ತು ಕಡಿದರೆ ಅಲಾರಂ ಅನ್ನೋದನ್ನು 50ರಿಂದ 500 ಮಿಲಿ ಸೆಕೆಂಡ್‌ವರೆಗೆ ಬದಲಿಸಬಹುದು. 30 ಸೆಂಟಿಮೀಟರ್ ದಪ್ಪದ ದೇಹ ಸೆಕೆಂಡ್‌ಗೆ 6 ಮೀಟರ್ ವೇಗದಲ್ಲಿ ಓಡಿ ದಾಟಿದರೆ 50 ಮಿಲಿ ಸೆಕೆಂಡ್ ಕಡಿಯುತ್ತದೆ. 1.2 ಮೀಟರ್ ವೇಗದಲ್ಲಿ ನಡೆದರೆ 250. ಓಡೋದಕ್ಕೆ ಜಾಗ ಇದ್ದರೆ 50 ಇಡಿ. ನನ್ನ ಬೀಮ್ ಗೋಡೆಗೆ ಹತ್ತಿರ ಇದೆ, ಹಾರಿ ಇಳಿದವರು ಅಲ್ಲಿ ಪೂರ್ತಿ ವೇಗಕ್ಕೆ ಬರಲಾರರು, ಹಾಗಾಗಿ 100 ಸಾಕು ಅನ್ನಿಸಿತು. 500ಕ್ಕೆ ಇಟ್ಟು ‘ಈಗ ತಪ್ಪು ಅಲಾರಂ ಇಲ್ಲ’ ಅನ್ನೋದು ಪರಿಹಾರ ಅಲ್ಲ, ನಡೆದು ಹೋಗುವವನೂ ತಪ್ಪಿಸಿಕೊಳ್ಳುತ್ತಾನೆ.

ಪರೀಕ್ಷೆಯನ್ನು ಮುಚ್ಚಳ ಹಾಕಿಯೇ ಮಾಡಿ. ಟ್ರಾನ್ಸ್‌ಮಿಟರ್ ಹತ್ತಿರ, ನಡುವೆ, ರಿಸೀವರ್ ಹತ್ತಿರ, ಮೂರೂ ಕಡೆ ದಾಟಿ ನೋಡಿ. ಯಾಕೆಂದರೆ ಪಕ್ಕದ ನುಣುಪು ಗೋಡೆಯೋ ನಿಲ್ಲಿಸಿದ ಗಾಡಿಯೋ ಬೆಳಕನ್ನು ತಿರುಗಿಸಿ ರಿಸೀವರ್‌ಗೆ ಕಳಿಸುತ್ತಿದ್ದರೆ ಒಂದು ಕಡೆ ದಾಟಿದಾಗ ಕೂಗಿ, ಇನ್ನೊಂದು ಕಡೆ ಸುಮ್ಮನಿರಬಹುದು. ಅಂಗಳದಲ್ಲಿ ಗಾಡಿ ನಿಲ್ಲಿಸುತ್ತೀರಾದರೆ ಗಾಡಿ ಇರುವಾಗಲೂ ಒಮ್ಮೆ ಮಾಡಿ. ನಾನು ತೆವಳಿಯೂ ನೋಡಿದೆ.

ಆಮೇಲಿನ ನಿರ್ವಹಣೆ ಜಾಸ್ತಿ ಇಲ್ಲ. ಒದ್ದೆ ಮೆತ್ತನೆ ಬಟ್ಟೆಯಲ್ಲಿ ಮುಚ್ಚಳ ಒರೆಸೋದು, ಜೇಡರಬಲೆ ತೆಗೆಯೋದು, ಬೀಮ್ ದಾರಿಗೆ ಚಾಚುವ ಕೊಂಬೆ ಕತ್ತರಿಸೋದು. ಮಳೆಗಾಲಕ್ಕೆ ಮುಂಚೆ ಮಾನಿಟರ್ ಜಾಕ್‌ನಲ್ಲಿ ಅಳೆದು ಮುಚ್ಚಳದೊಳಗೆ ಬರೆದ ಅಂಕಿಗೆ ಹೋಲಿಸುತ್ತೇನೆ. ಒರೆಸಿದ ಮೇಲೂ ಇಳಿದೇ ಇದ್ದರೆ ಮೊದಲು ಸೆನ್ಸಾರ್ ಟರ್ಮಿನಲ್‌ನ ವೋಲ್ಟೇಜ್, ಆಮೇಲೆ ಕಂಬದ ಬುಡ, ಆಮೇಲೆ ಅಲೈನ್‌ಮೆಂಟ್ ಸ್ಕ್ರೂ, ಇದೇ ಕ್ರಮದಲ್ಲಿ ನೋಡಿ.