ಮಗಳು ತಿಣುಕುತ್ತಿರಲಿಲ್ಲ, ತಡೆದುಕೊಳ್ಳುತ್ತಿದ್ದಳು

ನಮ್ಮ ಜೆರಾಕ್ಸ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ಮಗಳಿಗೊಂದು ಮೂಲೆ ಇದೆ. ಎರಡೂವರೆ ವರ್ಷದವಳಿದ್ದಾಗ ಆಟ ಬಿಟ್ಟು ಆಗಾಗ ಅಲ್ಲಿಗೆ ಹೋಗಿ, ಮೇಜಿನ ಕಾಲು ಹಿಡಿದು, ತುದಿಗಾಲ ಮೇಲೆ ನಿಂತು, ತೊಡೆ ಬಿಗಿ ಮಾಡಿಕೊಂಡು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದಳು. ಗಿರಾಕಿಗಳು ‘ಪಾಪು ಡ್ಯಾನ್ಸ್ ಮಾಡ್ತಿದೆ ನೋಡಿ’ ಎಂದು ನಗುತ್ತಿದ್ದರು. ಅವಳು ಕಕ್ಕಕ್ಕೆ ತಿಣುಕುತ್ತಿದ್ದಾಳೆ ಅಂತ ನನಗೆ ಗೊತ್ತಿತ್ತು. ಗೊತ್ತಿದೆ ಅಂದುಕೊಂಡಿದ್ದೆ.

ಹೆಂಡತಿಗೆ ಬೆಂಗಳೂರಲ್ಲಿ ಬ್ಯಾಂಕ್ ಕೆಲಸ, ಬೆಳಗ್ಗೆ ಏಳಕ್ಕೆಲ್ಲ ತುಮಕೂರಿನಿಂದ ಹೊರಡಬೇಕು. ಅಂಗಡಿ ಮನೆಯ ಕೆಳಗೇ ಇರುವುದರಿಂದ ತಿಂಡಿ, ಸ್ನಾನ, ಕಕ್ಕ ಎಲ್ಲ ನನ್ನ ಪಾಲು. ಹಾಗಾಗಿ ಈ ವಿಷಯದಲ್ಲಿ ಮಾಡಿದ ತಪ್ಪುಗಳೂ ಹೆಚ್ಚಾಗಿ ನನ್ನವೇ.

ಅವಳು ಮೂರು ತಿಂಗಳ ಕೂಸಾಗಿದ್ದಾಗಲೂ ಒಮ್ಮೆ ಗಾಬರಿಯಾಗಿತ್ತು. ಆರು ದಿನ ಕಕ್ಕ ಇಲ್ಲ. ನಮ್ಮತ್ತೆ ವೀಳ್ಯದೆಲೆ ತೊಟ್ಟಿಗೆ ಹರಳೆಣ್ಣೆ ಸವರಿಕೊಂಡು ಸಿದ್ಧವಾಗಿ ಕೂತಿದ್ದರು. ಡಾಕ್ಟರು ಬೇಡ ಅಂದರು. ಬರೀ ಎದೆಹಾಲು ಕುಡಿಯುವ ಮಕ್ಕಳು ತಿಂಗಳೊಪ್ಪತ್ತು ಕಳೆದ ಮೇಲೆ ವಾರಕ್ಕೊಮ್ಮೆ ಹೋಗುವುದೂ ಉಂಟಂತೆ. ಹೋದಾಗ ಮೆತ್ತಗಿದ್ದು, ಹಾಲು ಚೆನ್ನಾಗಿ ಕುಡಿದು, ತೂಕ ಏರುತ್ತಿದ್ದರೆ ಅದು ಮಲಬದ್ಧತೆಯೇ ಅಲ್ಲ. ಆರು ತಿಂಗಳೊಳಗೆ ನೀರು ಕುಡಿಸಬೇಡಿ, ವರ್ಷ ತುಂಬುವ ತನಕ ಜೇನುತುಪ್ಪ ನೆಕ್ಕಿಸಲೇಬೇಡಿ ಅಂದರು. ಏಳನೇ ದಿನ ಅದಾಗಿಯೇ ಹೋಯಿತು, ನನ್ನ ಪಂಚೆಯ ಮೇಲೆ. ನಮ್ಮಮ್ಮ ಮಾತ್ರ ದಿನಾ ಕಾಲು ನೀಡಿ ಕೂತು, ಎರಡು ಪಾದಗಳ ಮೇಲೆ ಕೂಸನ್ನು ಕೂರಿಸಿಕೊಂಡು ‘ಉಂ... ಉಂ...’ ಅನ್ನುತ್ತಿದ್ದರು. ಆಗ ನನಗದು ತಮಾಷೆಯಾಗಿ ಕಂಡಿತ್ತು.

ನಿಜವಾದ ತೊಂದರೆ ಶುರುವಾದದ್ದು ಹಸುವಿನ ಹಾಲಿನಿಂದ. ಅಂಗಡಿಯಲ್ಲಿ ಜನ ಸೇರಿದಾಗ ಅವಳ ಕೈಗೆ ಹಾಲಿನ ಬಾಟಲಿ ಕೊಟ್ಟರೆ ಅರ್ಧ ಗಂಟೆ ಸುಮ್ಮನಿರುತ್ತಾಳೆ. ಹೀಗೆ ದಿನಕ್ಕೆ ನಾಲ್ಕು ಬಾಟಲಿ, ಹತ್ತಿರ ಹತ್ತಿರ ಒಂದು ಲೀಟರ್. ಹಾಲಲ್ಲಿ ಹೊಟ್ಟೆ ತುಂಬಿದ ಮಗು ಅನ್ನ ಮೊಸರು ಎರಡು ತುತ್ತು ತಿಂದರೆ ಹೆಚ್ಚು, ಸೊಪ್ಪು ಸಾರು ಮುಟ್ಟುತ್ತಲೇ ಇರಲಿಲ್ಲ. ಒಂದು ದಿನ ಆಡಿನ ಹಿಕ್ಕೆಯಂಥ ನಾಲ್ಕು ಉಂಡೆಗಳ ಹಿಂದೆ ದಪ್ಪನೆಯದೊಂದು ಬಂದು ಚರ್ಮ ಸೀಳಿ, ನೂಲಿನೆಳೆಯಷ್ಟು ರಕ್ತ ಕಂಡಿತು. ಅವತ್ತು ಅವಳು ಕಿರುಚಿದ್ದು ಎದುರು ಮನೆಯವರಿಗೂ ಕೇಳಿಸಿತ್ತು.

ಮೂಲೆಯ ಡ್ಯಾನ್ಸ್ ಶುರುವಾದದ್ದು ಆಮೇಲೆ. ನಾವು ಏನೇನು ಮಾಡಿದೆವು ಅಂತ ಹೇಳಲು ನಾಚಿಕೆ. ಬಾಳೆಹಣ್ಣು ತಿನ್ನಿಸಿದೆವು. (ಎಲ್ಲರೂ ಮೊದಲು ಹೇಳುವುದು ಅದನ್ನೇ. ಸರಿಯಾಗಿ ಮಾಗದ ಹಣ್ಣು ಇನ್ನಷ್ಟು ಕಟ್ಟುತ್ತದೆ. ಕಳಿತ ಏಲಕ್ಕಿ ಬಾಳೆಯಿಂದಲೂ ನಮಗೇನೂ ವ್ಯತ್ಯಾಸ ಕಾಣಲಿಲ್ಲ.) ಮೆಡಿಕಲ್ ಶಾಪಿನವರು ಕೊಟ್ಟ ಗ್ಲಿಸರಿನ್ ಬತ್ತಿಯನ್ನು ಇಬ್ಬರು ಕೈಕಾಲು ಹಿಡಿದುಕೊಂಡು ಗುದದೊಳಗೆ ಇಟ್ಟೆವು. ಅವತ್ತೇನೋ ಹೋಯಿತು. ಮಾರನೇ ದಿನದಿಂದ ಅವಳು ಚಡ್ಡಿ ಬಿಚ್ಚಲೂ ಬಿಡಲಿಲ್ಲ. ಒಂಬತ್ತನೇ ದಿನ ಹರಳೆಣ್ಣೆ ಕುಡಿಸಿದೆವು. ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡು ಅತ್ತಳು. ಕಕ್ಕ ಅಂದರೆ ನೋವು ಅನ್ನುವ ಪಾಠ ಇನ್ನಷ್ಟು ಗಟ್ಟಿಯಾಯಿತು.

ಆಮೇಲೆ ಚಡ್ಡಿಯಲ್ಲಿ ದಿನವೂ ನೀರುನೀರಾದ ಕಲೆ. ಭೇದಿ ಅಂದುಕೊಂಡು ಓಆರ್‌ಎಸ್ ಕುಡಿಸಿ, ಹಣ್ಣು ನಿಲ್ಲಿಸಿ, ಗಂಜಿ ಕೊಟ್ಟೆ. ಮೂರು ದಿನವಾದರೂ ನಿಲ್ಲದಿದ್ದಾಗ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಅವರು ಹೊಟ್ಟೆ ಮುಟ್ಟುವ ಮೊದಲು ಪ್ರಶ್ನೆ ಕೇಳಿದರು. ಹುಟ್ಟಿದ ಒಂದೆರಡು ದಿನದೊಳಗೆ ಕರಿ ಕಕ್ಕ ಹೋಗಿತ್ತಾ? ಹಸಿರು ವಾಂತಿ ಏನಾದರೂ? ಹೊಟ್ಟೆ ಉಬ್ಬರ? ತೂಕ ಏರುತ್ತಿದೆಯಾ, ನಡಿಗೆ ಸರಿಯಿದೆಯಾ? ಇವುಗಳಲ್ಲಿ ಯಾವುದಾದರೂ ತಪ್ಪಿದ್ದರೆ ದಾರಿಯೇ ಬೇರೆ, ಕರುಳಿನ ನರ, ಥೈರಾಯ್ಡ್ ಎಲ್ಲ ನೋಡಬೇಕು ಅಂದರು. ನಮ್ಮದು ಹಾಗಿರಲಿಲ್ಲ. ಆಮೇಲೆ ನನ್ನ ಬೆರಳು ಹಿಡಿದು ಮಗಳ ಕಿಬ್ಬೊಟ್ಟೆಯ ಎಡಗಡೆ ಒತ್ತಿಸಿದರು. ಒಳಗೆ ನಿಂಬೆಹಣ್ಣಿನಷ್ಟು ಗಟ್ಟಿ ಗಂಟು.

‘ಇದು ಭೇದಿ ಅಲ್ಲ ಸ್ವಾಮಿ. ಈ ಗಂಟಿನ ಪಕ್ಕದಿಂದ ತೆಳ್ಳಗಿರೋದು ಸೋರ್ತಾ ಇದೆ.’

ನಾನು ಮೂಲೆಯ ಕಥೆ ಹೇಳಿದೆ, ತಿಣುಕುತ್ತಾಳೆ ಬರಲ್ಲ ಅಂತ. ‘ತಿಣುಕೋ ಮಗು ಕುಕ್ಕರಗಾಲಲ್ಲಿ ಕೂರುತ್ತೆ. ತುದಿಗಾಲಲ್ಲಿ ನಿಂತು ತೊಡೆ ಬಿಗಿಯೋದು ತಡೆದುಕೊಳ್ಳೋದಕ್ಕೆ. ನೋವಿಗೆ ಹೆದರಿದ್ದಾಳೆ ಅಷ್ಟೆ’ ಅಂದರು. ತಡೆದಷ್ಟೂ ಕರುಳು ನೀರು ಹೀರಿಕೊಂಡು ಅದು ಇನ್ನೂ ಗಟ್ಟಿಯಾಗುತ್ತದೆ, ಹೋದಾಗ ಇನ್ನೂ ನೋಯುತ್ತದೆ, ಇನ್ನೂ ತಡೆಯುತ್ತಾಳೆ. ಕಕ್ಕ ಸೇರುವ ಒಳಗಿನ ಚೀಲ ಹಿಗ್ಗಿ ಹಿಗ್ಗಿ, ತುಂಬಿದ್ದೇ ಗೊತ್ತಾಗದ ಹಾಗಾಗುತ್ತದೆ. ಸೋರುವುದು ಅವಳ ಕೈಮೀರಿದ್ದು. ಚಡ್ಡಿ ಕೊಳೆಯಾಯಿತೆಂದು ಆ ವಾರ ಎರಡು ಸಲ ಗದರಿದ್ದೆ. ಅದು ನೆನಪಾಗಿ ತಲೆ ಎತ್ತಲಾಗಲಿಲ್ಲ.

ಕೊಟ್ಟದ್ದು ಕಕ್ಕ ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ನೀರಿಗೆ ಕಲಸಿ ಕುಡಿಸುವುದು. ಪ್ರಮಾಣ ಅವಳ ತೂಕ ನೋಡಿ ಬರೆದದ್ದು, ಆದ್ದರಿಂದ ಇಲ್ಲಿ ಹೇಳುವುದಿಲ್ಲ. ಮೊದಲು ಕೆಲವು ದಿನ ಹೆಚ್ಚಿನ ಪ್ರಮಾಣ, ಗಂಟು ಪೂರ್ತಿ ಹೋಗುವ ತನಕ. ಅಲ್ಲಿಯವರೆಗೆ ಸೊಪ್ಪು ನಾರು ಅಂತ ತುರುಕಬೇಡಿ, ದಾರಿ ಕಟ್ಟಿರುವಾಗ ಅದೂ ಹಿಂದೆ ಸೇರಿಕೊಳ್ಳುತ್ತದೆ ಅಂದರು. ಶನಿವಾರದಿಂದ ಸೋಮವಾರದ ತನಕ ಅಂಗಡಿ ಮುಚ್ಚಿದೆ. ಮೊದಲ ಎರಡು ದಿನ ಬರೀ ಕಂದು ನೀರು, ಹಳೇ ಪಂಚೆಗಳೆಲ್ಲ ಖರ್ಚಾದವು. ಮೂರನೇ ದಿನ ಗಂಟು ಒಡೆದು ಬಂತು. ಅಷ್ಟೊಂದು ಆ ಪುಟ್ಟ ಹೊಟ್ಟೆಯಲ್ಲಿ ಎಲ್ಲಿತ್ತೋ!

ಇಲ್ಲಿಗೆ ಮುಗಿಯಿತು ಅಂದುಕೊಂಡದ್ದೇ ನನ್ನ ದೊಡ್ಡ ತಪ್ಪು. ದಿನಕ್ಕೊಮ್ಮೆ ಕಡಿಮೆ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಡಬೇಕು ಅಂದಿದ್ದರು. ಮೂರನೇ ವಾರಕ್ಕೇ ನಿಲ್ಲಿಸಿಬಿಟ್ಟೆ, ಇಷ್ಟು ಸಣ್ಣ ಮಗುವಿಗೆ ಅಭ್ಯಾಸವಾಗಿಬಿಟ್ಟರೆ ಅಂತ. ಹತ್ತೇ ದಿನದಲ್ಲಿ ಮತ್ತೆ ಮೂಲೆ, ಮತ್ತೆ ತುದಿಗಾಲು. ಡಾಕ್ಟರು ಬೈಯಲಿಲ್ಲ. ಆ ಪುಡಿ ಮೈಗೆ ಸೇರುವುದೇ ಹೆಚ್ಚುಕಡಿಮೆ ಇಲ್ಲ, ನೀರನ್ನು ಹಿಡಿದಿಟ್ಟುಕೊಂಡು ಹಾಗೇ ಹೊರಗೆ ಹೋಗುತ್ತದೆ, ಹಿಗ್ಗಿದ ಚೀಲ ಕುಗ್ಗಲು ಮತ್ತು ಮಗು ನೋವು ಮರೆಯಲು ತಿಂಗಳುಗಳು ಬೇಕು ಎಂದು ಮತ್ತೊಮ್ಮೆ ವಿವರಿಸಿದರು.

ಎರಡನೇ ಸಲ ಶಿಸ್ತಾಗಿ ಮಾಡಿದೆ. ಹಾಲು ಎರಡು ಸಣ್ಣ ಲೋಟಕ್ಕೆ ಇಳಿಯಿತು, ದಿನಕ್ಕೆ 400 ಮಿಲಿ ಮೀರದಂತೆ. ಬಾಟಲಿ ತಿಪಟೂರಿನ ಅಜ್ಜಿ ಮನೆಯ ಕರುವಿಗೆ ಹೋಯಿತು, ಅಂದರೆ ಹಾಗಂತ ಅವಳಿಗೆ ಹೇಳಿದೆವು. ರಾತ್ರಿ ನೆನೆಸಿದ ಕಪ್ಪು ದ್ರಾಕ್ಷಿಯನ್ನು ಬೆಳಗ್ಗೆ ಕಿವುಚಿ ಕೊಡುತ್ತಿದ್ದೆ. ಪರಂಗಿಹಣ್ಣು, ಬಸ್ಸಾರಿನ ಜೊತೆ ಗೋಲಿಯಷ್ಟು ಮುದ್ದೆ. ಕೂಸಾಗಿದ್ದಾಗಿನ ಹಾಗೆ ರಾಗಿ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸುವುದನ್ನು ಬಿಟ್ಟೆವು, ತೌಡೆಲ್ಲ ಬಟ್ಟೆಯಲ್ಲೇ ಉಳಿದರೆ ನಾರು ಎಲ್ಲಿಂದ ಬರಬೇಕು?

ಊಟಕ್ಕಿಂತ ಕೆಲಸ ಮಾಡಿದ್ದು ಕೂರಿಸುವ ಬಗೆ. ನಮ್ಮದು ಕಮೋಡ್. ಅದರ ಮೇಲೆ ಮಕ್ಕಳ ಸೀಟು ಇಟ್ಟರೂ ಕಾಲು ಗಾಳಿಯಲ್ಲಿ ನೇತಾಡುತ್ತಿತ್ತು. ಕಾಲು ಊರದೆ ತಿಣುಕುವುದು ದೊಡ್ಡವರಿಗೂ ಕಷ್ಟ. ಅಂಗಡಿಯಿಂದ ಎ4 ಕಾಗದದ ನಾಲ್ಕು ಬಂಡಲ್ ತಂದು, ಪ್ಲಾಸ್ಟಿಕ್ ಸುತ್ತಿ, ಕಾಲ ಕೆಳಗಿಟ್ಟೆ. ಮಂಡಿ ಸೊಂಟಕ್ಕಿಂತ ಮೇಲೆ ಬಂತು. ಅಮ್ಮ ಬಾಗಿಲಲ್ಲಿ ನಿಂತು ನೋಡಿ, ‘ನಾನು ಕಾಲ ಮೇಲೆ ಕೂರಿಸ್ಕೊಂಡಾಗ ನೀನು ನಗ್ತಿದ್ದೆ’ ಅಂದರು.

ತಿಂಡಿ ತಿಂದು ಕಾಲು ಗಂಟೆ ಕಳೆದ ಮೇಲೆ ಐದು ನಿಮಿಷ ಕೂರಿಸುತ್ತಿದ್ದೆ. ಹೊಟ್ಟೆಗೆ ಬಿದ್ದ ಮೇಲೆ ಕರುಳು ತಾನೇ ಅಲುಗಾಡುತ್ತದೆ. ‘ಮಾಡು ಮಾಡು’ ಅನ್ನುವುದನ್ನು ನಿಲ್ಲಿಸಿದೆ. ಕೈಗೆ ಜಾತ್ರೆಯ ಪೀಪಿ ಕೊಟ್ಟೆ. ಊದುವಾಗ ಹೊಟ್ಟೆ ಒತ್ತುತ್ತದೆ, ತಡೆದುಕೊಳ್ಳುವುದು ಕಷ್ಟವಾಗುತ್ತದೆ. ಸುಮ್ಮನೆ ಕೂತರೂ ಸಾಕು, ಅಂಗಡಿಯ ತಾರೀಖಿನ ಮೊಹರನ್ನು ಕ್ಯಾಲೆಂಡರಿನ ಮೇಲೆ ಅವಳೇ ಒತ್ತಬಹುದು. ಕಕ್ಕ ಬಂತೋ ಇಲ್ಲವೋ ಲೆಕ್ಕಕ್ಕಿಲ್ಲ. ಮೊದಲ ಹದಿನೈದು ದಿನ ಪೀಪಿಯ ಸದ್ದಷ್ಟೇ ಬಂತು.

ಐದು ತಿಂಗಳು ಪುಡಿ ಕೊಟ್ಟು, ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸಿ ಈಗ ಎರಡು ತಿಂಗಳು. ಮೊನ್ನೆ ಮದುವೆ ಮನೆಯಲ್ಲಿ ಎರಡು ದಿನ ತಡೆದುಕೊಂಡೇ ಇದ್ದಳು, ಮನೆಗೆ ಬಂದವಳೇ ಚಪ್ಪಲಿ ಬಿಚ್ಚದೆ ಒಳಗೆ ಓಡಿದಳು. ಪುಡಿಯ ಡಬ್ಬಿ ಬೀರುವಿನಲ್ಲೇ ಇದೆ. ಜೂನ್‌ನಲ್ಲಿ ನರ್ಸರಿಗೆ ಸೇರುತ್ತಾಳೆ, ಅಲ್ಲಿಯ ಟಾಯ್ಲೆಟ್ ಹೇಗಿದೆಯೋ ಒಮ್ಮೆ ನೋಡಿಕೊಂಡು ಬರಬೇಕು, ಬೇಕಾದರೆ ಎರಡು ಬಂಡಲ್ ಹೊತ್ತುಕೊಂಡೇ.